ಇಬ್ಬರ ಲೆಕ್ಕದ ಬ್ಯಾಟರಿ

ಮಾರ್ಚ್ ೯, ಭಾನುವಾರ

ಗುಬ್ಬೀ,

ನೀನು ಆರಾಮಾಗಿದ್ದೀಯ ಅಂದುಕೊಂಡೇ ಬರೆಯುತ್ತಿದ್ದೇನೆ. ತಡವಾಯಿತು, ಬೈಬೇಡ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಬಡಗಿಯ ಕೈ. ಉಳಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯುವುದಿಲ್ಲ. ಮೂರು ಹಾಳೆ ಹರಿದಿದ್ದೇನೆ.

ಮನೆಗಾಡಿ ಮುಕ್ಕಾಲು ಮುಗಿದಿದೆ. ಧೂಳಿಲ್ಲದ ಕಡೆ ಹೋಗಿ ನಾಲ್ಕು ದಿನ ಮಲಗಬೇಕು ಅಂತ ನೀನು ಹೇಳುತ್ತಿದ್ದೆಯಲ್ಲ, ಅದಕ್ಕೇ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದು. ಎರಡು ಮಂಚ, ನಿನ್ನ ಕಡೆಗೆ ಕಿಟಕಿ. ಉಳಿದಿದ್ದು ಕರೆಂಟಿನ ಕೆಲಸ, ನನ್ನ ತಲೆ ಕೆಟ್ಟಿದ್ದು ಅಲ್ಲೇ.

ಬ್ಯಾಟರಿ ಅಂಗಡಿಗೆ ನಾಲ್ಕು ಸಲ ಹೋದೆ. ಅಂಗಡಿಯಾಕೆ ಮೊದಲು ಸೀಸದ್ದು ತೋರಿಸಿದಳು. ಹೆಣಭಾರ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಕೆಡುತ್ತದಂತೆ, ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತದಂತೆ. ಮಂಚದ ಕೆಳಗೆ ಗ್ಯಾಸು, ಮೇಲೆ ಉಬ್ಬಸದ ನೀನು! ಬೇಡವೇ ಬೇಡ ಅಂದೆ. ಲಿಥಿಯಂನದು ಹಗುರ, ಗ್ಯಾಸ್ ಕಾಟವಿಲ್ಲ. "ಹೊತ್ತಿಕೊಳ್ಳಲ್ಲ ತಾನೆ?" ಅಂತ ಕೇಳಿದೆ.

"ಅಣ್ಣಾ, ಹೋದ ವಾರಾನೂ ಇದನ್ನೇ ಕೇಳಿದ್ರಿ. ಅವತ್ತಿಂದ ಇಲ್ಲೇ ಇದೆ, ಹೊತ್ಕೊಂಡಿಲ್ಲ."

ಏನೇನು, ಎಷ್ಟೆಷ್ಟು ಹೊತ್ತು ಓಡಬೇಕು ಅಂತ ಬರೆದುಕೊಡಲು ಹೇಳಿದಳು. ಬರೆದೆ. ದೀಪ ಎರಡು, ಫ್ಯಾನು ಎರಡು, ನೀರಿನ ಪಂಪು, ನೀನು ಮದ್ದಿನ ಆವಿ ಎಳೆದುಕೊಳ್ಳುವ ಮೆಷಿನ್ನು ಹತ್ತು ಗಂಟೆ. ಓದಿ ನಕ್ಕಳು.

"ಹೊರಟಿರೋದು ಪ್ರವಾಸಕ್ಕೋ ಯುದ್ಧಕ್ಕೋ? ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಅತ್ತಿಗೆ ದಿನಕ್ಕೆ ಎಷ್ಟು ಸಲ ತಗೋತಾರೆ?"

ಮುಂಚೆ ಮೂರು ಸಲ. ಈಗ ಎಷ್ಟೋ. ಆ ಮೆಷಿನ್ನಿನ ಗುರ್ ಅನ್ನುವ ಸದ್ದು ಈ ಮನೆಯಲ್ಲಿ ಕೇಳಿ ಎರಡು ವರ್ಷವಾಯಿತು. ಸದ್ದು ಶುರುವಾದರೆ ಪಕ್ಕದಲ್ಲಿ ಕೂತು ನಿನ್ನ ಉಸಿರು ಎಣಿಸುತ್ತಿದ್ದೆ. "ಎಣಿಸ್ಬೇಡ್ರೀ, ನೀವು ಎಣಿಸಿದ್ರೆ ನಂಗೆ ಇನ್ನೂ ಉಸಿರು ಕಟ್ಟುತ್ತೆ" ಅಂತ ನೀನು ಅನ್ನುತ್ತಿದ್ದೆ.

"ಇಬ್ಬರಿಗೆ ತಾನೆ?" ಅಂಗಡಿಯಾಕೆ ಪೆನ್ನು ಹಿಡಿದೇ ಕೇಳಿದಳು. ಹೌದು ಅಂದೆ. ಇಬ್ಬರಿಗಾಗುವ ದೊಡ್ಡದನ್ನೇ ತಂದಿದ್ದೇನೆ. ಸೀಲ್ ಒಡೆಯದಿದ್ದರೆ ಈ ತಿಂಗಳ ಕೊನೆಯೊಳಗೆ ಚಿಕ್ಕದಕ್ಕೆ ಬದಲಾಯಿಸಿಕೊಡುತ್ತಾಳಂತೆ.

ಹೊರಗೆ ಹೋಗುವಾಗ ಮಫ್ಲರ್ ಮರೆಯಬೇಡ. ಬಾಗಿಲ ಚಿಲಕ ಎರಡೆರಡು ಸಲ ನೋಡು. ಬೇಡ, ಒಂದೇ ಸಲ ನೋಡು, ಸಾಕು. ಎಲ್ಲಿದ್ದರೂ ನಿನ್ನ ಉಸಿರು ಹಗುರಾಗಿರಲಿ.

ನಿನ್ನ
ಎಣಿಸುವವನು

ಬರೆಯದೆ ಬಿಟ್ಟಿದ್ದು: ನೀನು ತವರಿಗೆ ಹೋಗಿದ್ದು ಅತ್ತೆಯನ್ನು ನೋಡಿಕೊಳ್ಳಲು. ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಯಿತು. ತಿಥಿ ಮುಗಿಸಿ ನನ್ನನ್ನು ಊರಿಗೆ ಬಸ್ಸು ಹತ್ತಿಸುವಾಗ ನೀನು "ಒಂದು ವಾರ ಇದ್ದು ಬರ್ತೀನಿ" ಅಂದಿದ್ದೆ. ಮೊನ್ನೆ ಫೋನಿನಲ್ಲಿ ನಿನ್ನ ತಮ್ಮ ಬಾಯ್ತಪ್ಪಿ ಹೇಳಿಬಿಟ್ಟ, ಅಕ್ಕ ಇಲ್ಲೇ ಬಾಡಿಗೆಗೆ ರೂಮು ಹಿಡಿದಿದ್ದಾಳೆ ಅಂತ. ಯಾಕೆ ಅಂತ ನಾನು ಕೇಳುವುದಿಲ್ಲ, ನನಗೆ ಗೊತ್ತು, ಅಲ್ಲಿ ಉಸಿರು ಎಣಿಸುವವರು ಯಾರೂ ಇಲ್ಲ. ಮೆಷಿನ್ನು ದಿನಕ್ಕೆ ಎಷ್ಟು ಸಲ ಅನ್ನುವುದನ್ನು ಮಾತ್ರ ಬರೆದು ಕಳಿಸು. ಬ್ಯಾಟರಿ ನಿನ್ನ ಮಂಚದ ಕೆಳಗೇ ಇಟ್ಟಿದ್ದೇನೆ. ಸೀಲ್ ಒಡೆದಿಲ್ಲ.