ಚಪ್ಪಲಿಯ ನೆಪ

ಇವಳೇ,

ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ. ಈಗ ಶುರುಮಾಡಿದರೆ ನೀನೇ ಗಾಬರಿಯಾದೀಯ. ಹಳೆಯ ಕೂಗೇ ಇರಲಿ.

ಮೊದಲು ಸುದ್ದಿ: ನಿನ್ನ ಬೆತ್ತದ ಕುರ್ಚಿ ಬೀದಿಗೆ ಬಿದ್ದಿದೆ. ಸಿಟ್ಟಾಗಬೇಡ, ಪೂರ್ತಿ ಕೇಳು.

ನಮ್ಮ ಬೀದಿಯವರು ನಡೆಯುವುದೇ ಇಲ್ಲವಂತೆ. ಅದಕ್ಕೇ ನಮ್ಮ ಮೈ ಆಡಿಸೋಕೆ ನಗರಸಭೆಯವರ ಫಿಸಿಕಲ್ ಆಕ್ಟಿವಿಟಿ ಕಾರ್ಯಕ್ರಮ. ಹೋದ ಸಲ ನಮ್ಮನ್ನು ಕೇಳದೆ ಕಬ್ಬಿಣದ ವ್ಯಾಯಾಮ ಯಂತ್ರಗಳನ್ನು ನೆಟ್ಟು ಹೋದರಲ್ಲ, ಅವುಗಳ ಮೇಲೆ ಈಗಲೂ ಬೆಡ್‌ಶೀಟುಗಳು ಒಣಗುತ್ತಿವೆ. ಈ ಸಲ ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಎಲ್ಲರ ಕೈಗೂ ಸೀಮೆಸುಣ್ಣ ಕೊಟ್ಟಳು. ಬೀದಿ ತುದಿಯ ನೀರಿನ ಟ್ಯಾಂಕಿನವರೆಗೆ ನಡೆಯಿರಿ, ಎಲ್ಲಿ ಕೂರಬೇಕೆನಿಸುತ್ತದೋ ಅಲ್ಲೊಂದು ಗೀಟು ಎಳೆಯಿರಿ, ಗೀಟಿದ್ದಲ್ಲಿ ಬೆಂಚು ಬರುತ್ತದೆ, ಇಲ್ಲದಿದ್ದರೆ ಮತ್ತೆ ಯಂತ್ರವೇ ಎಂದಳು. ನಡೆಸೋದಕ್ಕೆ ಬೆಂಚು ಹಾಕೋರನ್ನ ಇವತ್ತೇ ನೋಡಿದ್ದು ಅಂತ ಕ್ಷೌರದಂಗಡಿಯವನು ನಕ್ಕ. ಎದುರು ಸಾಲಿನ ದರ್ಜಿಯ ತಾಯಿ, ಮಂಡಿನೋವು ಅಂತ ಹೊಸ್ತಿಲು ದಾಟುವುದನ್ನೇ ಬಿಟ್ಟಾಕೆ, ಬಾಗಿಲಲ್ಲಿ ನಿಂತೇ ಅವನ ಬಾಯಿ ಮುಚ್ಚಿಸಿದಳು.

"ಕೂರೋಕೆ ಜಾಗ ಇದೆ ಅಂತ ಗೊತ್ತಿದ್ರೆ ತಾನೇ ಕಣೋ, ಮನೆ ಬಿಟ್ಟು ಹೊರಡೋದು?"

ಹೊರಟೆವು. ಆದರೆ ನಮ್ಮ ಜನ ಗೊತ್ತಲ್ಲ, ಮೀಸೆ ಮಣ್ಣಾಗಬಾರದು. ಪಕ್ಕದವನು ನಿಲ್ಲದೆ ತಾನು ಹೇಗೆ ನಿಂತಾನು? ಏದುಸಿರು ಬಿಡುತ್ತಲೇ ಎಲ್ಲರೂ ಟ್ಯಾಂಕು ಮುಟ್ಟಿ, ಗೀಟುಗಳನ್ನೆಲ್ಲ ಅಲ್ಲೇ ಗುಡ್ಡೆ ಹಾಕಿದರು. ಸ್ಲೋ ಅಂಡ್ ಸ್ಟೆಡಿ ಅಂತ ಶಾಲೆಯಲ್ಲಿ ಆಮೆ-ಮೊಲದ ಕಥೆ ಏನೋ ಓದಿದ್ದೆ, ಕೊನೆಗೆ ಗೆದ್ದದ್ದು ಯಾರೋ ಮರೆತೆ.

ನಾನು ಮಾತ್ರ ಟ್ಯಾಂಕು ಮುಟ್ಟಲಿಲ್ಲ. ಕ್ಷೌರದಂಗಡಿಯ ಮುಂದೆಯೇ ಉಸಿರು ಕೈಕೊಟ್ಟಿತು, ಗೋಡೆ ಹಿಡಿದು ನಿಂತೆ. ಆಗ ಹೊಳೆಯಿತು. ದಿನಾ ಸಂಜೆ ಇದೇ ಜಾಗಕ್ಕೆ ಬಂದಾಗ "ರೀ, ಒಂದ್ನಿಮಿಷ, ಚಪ್ಪಲಿ ಸಡಿಲ ಆಯ್ತು" ಅಂತ ಬಗ್ಗುತ್ತಿದ್ದೆಯಲ್ಲ? ಗೊಣಗುತ್ತ ನಾನು ಬಾರು ಹೊಲಿಸಿದೆ, ಹೊಸ ಜೋಡು ಕೊಡಿಸಿದೆ, ಅದೂ ಇಲ್ಲಿಗೇ ಬಂದು ಸಡಿಲವಾಗುತ್ತಿತ್ತು. ಕಳ್ಳಿ! ನೀನು ಬಗ್ಗಿ ಏಳುವಷ್ಟರಲ್ಲಿ ನನ್ನ ಉಸಿರು ತಿರುಗುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಅಲ್ಲೇ ಬಗ್ಗಿ ಇಷ್ಟುದ್ದ ಗೀಟು ಎಳೆದೆ.

"ಮನೆಯಿಂದ ಇಷ್ಟೇನಾ ಸಾರ್?" ಎಂದ ಕ್ಷೌರದವನು.

"ಇಷ್ಟೇ ಕಣಯ್ಯ."

ಟ್ಯಾಂಕಿನಿಂದ ವಾಪಸ್ಸು ಬರುತ್ತಿದ್ದವರು ನನ್ನ ಗೀಟು ನೋಡಿದರು. ನಿವೃತ್ತ ಮೇಷ್ಟ್ರು ಹಿಂದಕ್ಕೆ ಹೋಗಿ ಲೈಟು ಕಂಬದ ಬುಡದಲ್ಲಿ ಸದ್ದಿಲ್ಲದೆ ಒಂದು ಎಳೆದರು, ಬೇಕರಿಯವನು ತಿರುವಿನಲ್ಲಿ. ಸಂಜೆಯೊಳಗೆ ಬೀದಿಯುದ್ದಕ್ಕೂ ಬಿಳಿ ಗೀಟುಗಳು.

ಬೆಂಚು ಬರುವತನಕ ಮನೆ ಕುರ್ಚಿಗಳನ್ನೇ ಇಟ್ಟು ನೋಡೋಣ ಎಂದಳು ನರ್ಸಮ್ಮ. ನೀನು ಹೋದಮೇಲೆ ನಾನು ಮೊಮ್ಮಗಳನ್ನೂ ಕೂರಗೊಡದ ನಿನ್ನ ಆ ಕುರ್ಚಿಯನ್ನು ಒರೆಸಿ, ಹೊತ್ತುಕೊಂಡು ಹೋಗಿ ನಮ್ಮ ಗೀಟಿನ ಮೇಲಿಟ್ಟೆ. ಇವತ್ತು ದರ್ಜಿಯ ತಾಯಿ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಬಂದು, ಕೂತು, ಸೆರಗಿನಲ್ಲಿ ಗಾಳಿ ಹಾಕಿಕೊಂಡಳು. ಕುರ್ಚಿ ಯಾರದಪ್ಪಾ, ಹೇಳಿ ಮಾಡಿಸಿದ ಹಾಗಿದೆ ಎಂದಳು. ನಮ್ಮವಳದು ಎಂದೆ. ಆಕೆ ಟ್ಯಾಂಕಿನ ಕಡೆ ಕಣ್ಣು ಕಿರಿದು ಮಾಡಿ, ಮುಂದಿನ ಕುರ್ಚಿ ಎಲ್ಲಿದೆ ಎಂದು ಕೇಳಿದಳು.

ನೀನಿರುವಲ್ಲಿ ಚಪ್ಪಲಿ ಗಟ್ಟಿಯಾಗಿರಲಿ. ನಾನು ಅಲ್ಲಲ್ಲಿ ಕೂತು, ನಿಧಾನವಾಗಿ ಬರುತ್ತೇನೆ.

ನಿನ್ನ,
ರೀ