ಎರಡನೆಯ ಅರ್ಥ

ಜೂನ್ ೧೪, ಸೋಮವಾರ
ನಿಘಂಟು ಕಚೇರಿ, ಊಟದ ಬಿಡುವು

ಪ್ರೀತಿಯ ದೊಡ್ಡಮ್ಮನಿಗೆ,

ಹೀಗೆ ಕರೆಯುವುದು ಇದೇ ಕೊನೆ. ಯಾಕೆ ಅಂತ ಮುಂದೆ ಹೇಳುತ್ತೇನೆ, ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಅರ್ಧ ಓದಿ ಸಿಟ್ಟು ಬಂತು ಅಂತ ಕಾಗದವನ್ನು ದಿಂಬಿನ ಕೆಳಗೆ ತುರುಕಬೇಡ. ಸೊಂಟ ಹೇಗಿದೆ? ಕೋಲು ಹಿಡಿದೇ ನಡೆಯುತ್ತಿದ್ದೀಯಾ, ಇಲ್ಲ ಅದನ್ನು ಮೂಲೆಗೆ ಒರಗಿಸಿ ದರ್ಜಿ ಕಳಿಸಿದ ಅಂಗಿಗಳಿಗೆ ಕಾಜ ಹಾಕುತ್ತ ಕೂತಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ನನಗೆ ಹೇಳದೆ ನೀನು ನಮ್ಮ ಕಚೇರಿಗೆ ಬರೆದ ಕಾಗದ ತಲುಪಿದೆ. ನಿನ್ನ ಆಪರೇಷನ್ನಿಗೆ ನಾನು ಹದಿನೈದು ದಿನ ರಜೆ ಹಾಕಿದ್ದೆನಲ್ಲ, ಇಲ್ಲಿಯ ನಿಯಮದಂತೆ ಆ ರಜೆ ಸಿಗುವುದು ತಂದೆ, ತಾಯಿ, ಗಂಡ, ಮಕ್ಕಳ ಕಾಯಿಲೆಗೆ ಮಾತ್ರ. ಸಂಬಂಧ ಅನ್ನುವ ಕಡೆ ನಾನು 'ತಾಯಿ' ಅಂತ ಬರೆದೆ. ಗುಮಾಸ್ತರು ನನ್ನ ಹಳೆಯ ಕಡತ ತೆಗೆದು ನೋಡಿದರು. ಅದರ ಪ್ರಕಾರ ತಾಯಿ ನಾನು ಎರಡು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಾಳೆ. ಸರಿ, ನಿನ್ನನ್ನೇ ಕೇಳಿ ಕಾಗದ ಹಾಕಿದರು. ನೀನೋ ಮಹಾ ಸತ್ಯವಂತೆ, ಮರುದಿನವೇ ಉತ್ತರ ಬರೆದು ಕೈತೊಳೆದುಕೊಂಡೆ: ಅವಳು ನನ್ನ ತಂಗಿಯ ಮಗಳು, ನಾನು ಅವಳ ದೊಡ್ಡಮ್ಮ.

ಈಗ ನನ್ನ ಮುಂದೆ ಒಂದು ಹಾಳೆ ಇದೆ. 'ಸುಳ್ಳು ಹೇಳಿ ರಜೆ ಪಡೆದೆ, ಕ್ಷಮಿಸಬೇಕು' ಅಂತ ಅದರಲ್ಲಿ ಅಚ್ಚಾಗಿದೆ. ಗುರುವಾರದೊಳಗೆ ಸಹಿ ಹಾಕಿದರೆ ಎಲ್ಲ ಅಲ್ಲಿಗೇ ಮುಗಿಯುತ್ತದಂತೆ. ಹಾಕದಿದ್ದರೆ ಹನ್ನೊಂದು ವರ್ಷದ ಕೆಲಸ ಹೋಗುತ್ತದೆ. ನಾನು ಹಾಕುವುದಿಲ್ಲ.

ಬೆಳಿಗ್ಗೆ ಸಂಪಾದಕರ ಕೋಣೆಗೆ ಹೋಗಿದ್ದೆ. ಯಾವ ಮಾತನ್ನೂ ಮುಗಿಸುವುದಿಲ್ಲ ಅಂತ ನಾವೆಲ್ಲ ಅವರಿಗೆ 'ಅಲ್ಪವಿರಾಮ' ಅಂತ ಹೆಸರಿಟ್ಟಿದ್ದೇವೆ. ಅವರ ಮೇಜಿನ ಮೇಲೆ 'ತಾಯಿ' ಪದದ ಚೀಟಿ ಇಟ್ಟೆ. ಅವರದೇ ಕೈಬರಹ. ಮೊದಲನೆಯ ಅರ್ಥ, ಹೆತ್ತವಳು. ಎರಡನೆಯದು, ಸಾಕಿ ಸಲಹಿದವಳು. ಕೆಳಗೆ ಅಮ್ಮ, ಅವ್ವ, ಅಬ್ಬೆ, ಮಾತೆ, ಜನನಿ ಅಂತ ಸಮಾನಪದಗಳ ಸಾಲು. ನಾನು ಎರಡನೆಯ ಅರ್ಥದಲ್ಲಿ ಬರೆದಿದ್ದೇನೆ ಸಾರ್, ಅದು ಸುಳ್ಳಾದರೆ ಮೊದಲು ನಿಮ್ಮ ಚೀಟಿ ಹರಿಯಿರಿ ಅಂದೆ. ಅವರು ಚೀಟಿ ನೋಡಿದರು, ಕಿಟಕಿ ನೋಡಿದರು, ಕೊನೆಗೆ ಅದು ನಿಘಂಟು ಕಣಮ್ಮ, ಇದು ಆಫೀಸು, ಎರಡೂ ಒಂದೇ ಕಟ್ಟಡದಲ್ಲಿದ್ರೂನೂ ಅಂತ ಹೇಳಿ ಅಲ್ಲಿಗೇ ನಿಂತರು.

ಕಣಮ್ಮ ಅಂದರು, ನೋಡಿದೆಯಾ. ಬಸ್ಸಿನ ಕಂಡಕ್ಟರ್ ಮುಂದೆ ಹೋಗಮ್ಮ ಅನ್ನುತ್ತಾನೆ. ತರಕಾರಿಯವಳು ಏನು ಬೇಕಮ್ಮ ಅನ್ನುತ್ತಾಳೆ. ಕಾಲಿಗೆ ಕಲ್ಲು ತಗುಲಿದರೆ ಎಂಥವರ ಬಾಯಲ್ಲೂ ಅಮ್ಮಾ ಅಂತಲೇ ಬರುತ್ತದೆ. ಕಂಡಕಂಡವರಿಗೆಲ್ಲ ಪುಕ್ಕಟೆ ಸಿಗುವ ಮಾತು ಅದು. ಅದನ್ನು ಆಡಬಾರದು ಅಂತ ಇರುವುದು ನಾನು, ಕೇಳಿಸಿಕೊಳ್ಳಬಾರದು ಅಂತ ಇರುವುದು ನೀನು. ಇದು ಯಾವ ಸೀಮೆಯ ನ್ಯಾಯ?

ನನಗೆ ಅಲ್ಪವಿರಾಮರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಜಗಳ ಇರುವುದು ನಿನ್ನ ಜೊತೆ. ನಾನು ಪುಟ್ಟವಳಿದ್ದಾಗ ಎಷ್ಟು ಸಲ ಅಮ್ಮ ಅಂದರೂ ನೀನು ಸೂಜಿ ಕೆಳಗಿಟ್ಟು, ಗೋಡೆಯ ಫೋಟೋ ತೋರಿಸಿ, ಅಮ್ಮ ಅಲ್ಲಿದಾಳೆ, ನಾನು ದೊಡ್ಡಮ್ಮ ಅನ್ನುತ್ತಿದ್ದೆ. ತಂಗಿ ಜಾಗದಲ್ಲಿ ನಾನು ಹೋಗಿ ಕೂತ್ಕೊಳಲ್ಲ ಅಂತ ನೆರೆಯವರಿಗೆ ಹೇಳುವುದನ್ನೂ ಕೇಳಿದ್ದೇನೆ. ಮೊನ್ನೆ ಆಸ್ಪತ್ರೆಯಲ್ಲಿ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದಾಗಲೂ ಬಿಡಲಿಲ್ಲ. ನರ್ಸು ನಿಮ್ಮ ತಾಯಿ ಅಂದದ್ದಕ್ಕೆ ತಲೆ ಎತ್ತಿ ತಿದ್ದಿದೆ. ನನಗೆ ಅಲ್ಲೇ ಅಳು ಬಂತು. ನಿನ್ನ ಸೊಂಟದ ಚಿಂತೆಗೆ ಅಳುತ್ತಿದ್ದೇನೆ ಅಂತ ನೀನು ಸಮಾಧಾನ ಮಾಡಿದೆ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಏಳನೆಯ ವರ್ಷದಲ್ಲಿ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆನಲ್ಲ. ಕೊನೆಯ ದಿನ ಮಧ್ಯಾಹ್ನ ನೀನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ಅಮ್ಮ ಅಂದೆ. ನೀನು ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದೆ. ನಾನು ಇನ್ನೊಂದು ಸಲ ಅಂದೆ. ಮೂರನೆಯ ಸಲಕ್ಕೆ ನೀನು, ಹೂಂ, ಇಲ್ಲೇ ಇದೀನಿ ಅಂದೆ. ಮಗು ಜ್ವರದಲ್ಲಿ ಕನವರಿಸುತ್ತಿದೆ, ಗೊತ್ತಾಗುವುದಿಲ್ಲ ಅಂತ ನೀನು ಅಂದುಕೊಂಡೆ. ಆವತ್ತು ಬೆಳಿಗ್ಗೆಯೇ ನನಗೆ ಜ್ವರ ಇಳಿದಿತ್ತು. ನಾನು ಬೇಕೆಂದೇ ಕರೆದದ್ದು. ಆ 'ಹೂಂ' ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಈಗ ಸುಳ್ಳು ಅಂತ ಬರೆದುಕೊಡು ಅಂದರೆ ಹೇಗೆ ಬರೆದುಕೊಡಲಿ?

ಫೋಟೋದಲ್ಲಿರುವವಳ ಮೇಲೆ ನನಗೆ ಯಾವ ದೂರೂ ಇಲ್ಲ. ಮೊದಲನೆಯ ಅರ್ಥ ಅವಳಿಗೇ ಇರಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ಎರಡನೆಯದು ನಿನ್ನದು. ಅಂಗಿಗೆ ಅಂಗಿ ಕಾಜ ಹಾಕಿ, ಬೆರಳು ತೂತು ಮಾಡಿಕೊಂಡು ನೀನೇ ಸಂಪಾದಿಸಿದ್ದು. ಬೇಡ ಅನ್ನುವುದಕ್ಕೆ ನಿನಗೆ ಹಕ್ಕಿರಬಹುದು. ಇಲ್ಲ ಅನ್ನುವುದಕ್ಕೆ ಇಲ್ಲ.

ಕೆಲಸ ಹೋದರೆ ಹೋಗಲಿ. ಅಕ್ಷರ ಬಲ್ಲವಳಿಗೆ ಎಲ್ಲಾದರೂ ಒಂದು ಮೇಜು ಸಿಗುತ್ತದೆ. ಹೀಗೆ ಬರೆಯುವಾಗ ಉಳಿಸಿದ ದುಡ್ಡಿನ ಲೆಕ್ಕ ಎರಡು ಸಲ ಹಾಕಿದೆ ಅನ್ನುವುದೂ ನಿಜ. ಆದರೂ ಹೆದರಿ ಸಹಿ ಹಾಕಿದೆ ಅಂತ ನಿನ್ನ ಮುಂದೆ ಬಂದು ನಿಲ್ಲಲಾರೆ.

ಶನಿವಾರ ಸಂಜೆ ಬರುತ್ತೇನೆ. ಬಾಗಿಲಲ್ಲಿ ನಿಂತು ಒಂದೇ ಸಲ ಕರೆಯುತ್ತೇನೆ. ಹೇಗೆ ಕರೆಯುತ್ತೇನೆ ಅಂತ ನಿನಗೆ ಗೊತ್ತು. ನೀನು ಓಗೊಟ್ಟರೆ ಒಳಗೆ ಬರುತ್ತೇನೆ. ಓಗೊಡದಿದ್ದರೂ ಬರುತ್ತೇನೆ, ಬೀದಿಯಲ್ಲೇ ನಿಂತಿರಲೇ, ನನಗೇನು ಬೇರೆ ಮನೆ ಇದೆಯೇ.

ಇಂತಿ,
ನಿನ್ನ ಮಗಳು

ಮರೆತಿದ್ದೆ: ಗುಮಾಸ್ತರು ನಿನ್ನ ಕಾಗದವನ್ನು ನನಗೂ ತೋರಿಸಿದರು. 'ಅವಳು ನನ್ನ' ಆದ ಮೇಲೆ ಒಂದು ಮಾತನ್ನು ಗೀಚಿ ಗೀಚಿ ಹೊಡೆದುಹಾಕಿ, ಮುಂದಕ್ಕೆ 'ತಂಗಿಯ ಮಗಳು' ಅಂತ ಬರೆದಿದ್ದೀಯ. ಹಳೆಯ ಹಸ್ತಪ್ರತಿಗಳಲ್ಲಿ ಅಳಿಸಿಹೋದ ಬರಹ ಓದುವುದಕ್ಕೇ ಇಲ್ಲಿ ನನಗೆ ಸಂಬಳ ಕೊಡುತ್ತಾರೆ. ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ನೀನು ಮೊದಲು ಬರೆದದ್ದು ಮೂರೇ ಅಕ್ಷರ: ಮಗಳು. ಗುರುವಾರ ಸಹಿಯ ಬದಲು ಆ ಕಾಗದವನ್ನೇ ಅಲ್ಪವಿರಾಮರ ಮೇಜಿನ ಮೇಲೆ ಇಡುತ್ತೇನೆ.