ಕಡಲಮೊಲದ ಊಟ

ಮಂಗಳವಾರ, ಸಂಜೆ

ನನ್ನ ಮುದ್ದಿನ ಅಮ್ಮನಿಗೆ,

ಇಂದು ಬೆಳಿಗ್ಗೆ ಹದಿನಾಲ್ಕನೇ ತೊಟ್ಟಿಯ ಕಲ್ಲಿನ ಮೇಲೆ ಎಳ್ಳುಕಾಳಿನಷ್ಟು ಒಂದು ಗುಳಿ ಕಂಡೆ. ಅಷ್ಟಕ್ಕೇ ಕುಣಿದಾಡಿಬಿಟ್ಟೆ. ಮಗಳಿಗೆ ತಲೆ ಕೆಟ್ಟಿತೇ ಎನ್ನಬೇಡ, ಪೂರ್ತಿ ಓದು.

ಈ ಮತ್ಸ್ಯಾಲಯದಲ್ಲಿ ತೊಟ್ಟಿಗಳ ಪಕ್ಕದ ಫಲಕ ಬರೆಯುವುದು ನನ್ನ ಕೆಲಸವಲ್ಲವೇ? ಹೋದ ವಾರ ನನ್ನ ಪಾಲಿಗೆ ಬಂದದ್ದು ಕಡಲಮೊಲ. ಹೆಸರಿಗಷ್ಟೇ ಮೊಲ, ನಿಜಕ್ಕೂ ಅದು ಚಿಪ್ಪಿಲ್ಲದ ಬಸವನಹುಳು. ನಿನ್ನ ಹೊಲಿಗೆ ಡಬ್ಬಿಯ ಅಂಗಿಗುಂಡಿಯಷ್ಟೇ ಇದೆ. ಬಿಳಿ ಮೈತುಂಬ ತುಪ್ಪಳ, ನಡುನಡುವೆ ಕಪ್ಪು ಚುಕ್ಕೆ, ತಲೆಯ ಮೇಲೆ ನೆಟ್ಟಗೆ ಎರಡು ಕಿವಿ, ಹಿಂದೆ ಹೂವಿನಂಥ ಬಾಲ. ಇದರಲ್ಲಿ ಒಂದೂ ನಿಜವಲ್ಲಮ್ಮ! ತುಪ್ಪಳವೆಂದರೆ ಸುತ್ತಲಿನದನ್ನು ಮುಟ್ಟಿ ತಿಳಿಯುವ ಸಣ್ಣ ಸಣ್ಣ ಕಡ್ಡಿಗಳು. ಕಿವಿಗಳು ಕೇಳುವುದಿಲ್ಲ, ನೀರಿನಲ್ಲಿ ವಾಸನೆ ಹಿಡಿಯುತ್ತವೆ. ಬಾಲ ಅದರ ಕಿವಿರು, ಉಸಿರಾಟವೆಲ್ಲ ಅಲ್ಲಿಂದಲೇ. ಗಂಡೂ ಅದೇ, ಹೆಣ್ಣೂ ಅದೇ. ಬದುಕುವುದು ಹೆಚ್ಚೆಂದರೆ ಒಂದು ವರ್ಷ. ತಿನ್ನುವುದು ಕಲ್ಲಿಗೆ ಅಂಟಿ ಬೆಳೆಯುವ ಸ್ಪಂಜುಜೀವಿಯನ್ನು ಮಾತ್ರ. ಅದರ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡು, ಯಾವ ಮೀನೂ ಬಾಯಿ ಹಾಕದಂತೆ ಠೀವಿಯಿಂದ ಓಡಾಡುತ್ತದೆ.

ಅದು ಬಂದ ದಿನ ಕಲ್ಲಿನ ಮೇಲೆ ಬೂದುಬಣ್ಣದ ಹಕ್ಕಳೆಯಿತ್ತು. ಮರುದಿನ ಕಲ್ಲು ಫಳಫಳ. ಗಾಜು ಒರೆಸುವ ಅಕ್ಕ ಅದನ್ನು ಉಜ್ಜಿ ತೆಗೆದಿದ್ದರು. ಆ ಹಕ್ಕಳೆಯೇ ಸ್ಪಂಜು, ಮೊಲದ ಊಟ! ಯಾರ ಗಮನಕ್ಕೂ ಬರಲಿಲ್ಲ. ಫಲಕಕ್ಕಾಗಿ ಮೂರು ದಿನ ಗಾಜಿಗೆ ಮೂಗು ಒತ್ತಿ ಕೂತಿದ್ದ ನನಗೆ ಮಾತ್ರ, ಅದು ಬರಿಗಲ್ಲನ್ನು ಸುತ್ತಿ ಸುತ್ತಿ ಸೋಲುತ್ತಿರುವುದು ಕಂಡಿತು.

ನಾಲ್ಕು ಜನರೆದುರು ಬಾಯಿ ಬಿಡದ ನಾನು ನಿನ್ನೆ ಬೆಳಗಿನ ಸಭೆಯಲ್ಲಿ ಎದ್ದು ನಿಂತೆ. "ಸರ್, ಅದು ಉಪವಾಸ ಇದೆ" ಅಂದೆ. ತೊಟ್ಟಿಗಳನ್ನು ನೋಡಿಕೊಳ್ಳುವವರು ಜೋರಾಗಿ ನಕ್ಕರು. ಅವರ ಅಂಗಿ ಯಾವಾಗಲೂ ಒದ್ದೆ, ಹಾಗಾಗಿ ಎಲ್ಲರಿಗೂ ಅವರು ನೀರಣ್ಣ. "ಏನ್ ಸಾಹಿತಿಗಳೇ, ಅದೇ ಬಂದು ನಿಮ್ಮ ಕಿವೀಲಿ ಹೇಳ್ತಾ?" ಎಂದರು. "ಕಲ್ಲು ನೋಡಿ, ನೀವೇ ಬನ್ನಿ" ಅಂದೆ. ಬಂದರು, ಬಗ್ಗಿದರು, ನಗು ನಿಂತಿತು. "ಅಯ್ಯೋ, ಇದರ ತಟ್ಟೇನೇ ತೊಳೆದಿಟ್ಟಿದ್ದಾರಲ್ರೀ!"

ಹಿಂದಿನ ತೊಟ್ಟಿಯಿಂದ ಸ್ಪಂಜು ಬೆಳೆದ ಕಲ್ಲೊಂದನ್ನು ತಂದಿಟ್ಟರು. ನನ್ನ ಮೊಲ ಕಿವಿಗಳನ್ನು ಅತ್ತಿತ್ತ ಬಾಗಿಸಿತು, ಹತ್ತಿತು, ಕೂತಿತು. ಇಂದಿನ ಆ ಗುಳಿ ಅದರ ತುತ್ತಿನ ಗುರುತು ಕಣಮ್ಮ!

ಮುಖ್ಯಸ್ಥರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಫಲಕದ ಕೆಳಗೆ ನನ್ನ ಹೆಸರೂ ಇರುತ್ತದಂತೆ. ಸಾಹಿತ್ಯ ಓದಿ ಮೀನಿಗೆ ಬೋರ್ಡು ಬರೀತಾಳೆ ಎಂದು ಆಡಿಕೊಳ್ಳುವ ಅತ್ತೆಗೆ ಇದನ್ನು ನಿಧಾನವಾಗಿ, ಎರಡು ಸಲ ಓದಿ ಹೇಳು.

ಗಾಜಿನ ಅಕ್ಕನಿಗೆ ಮಾತ್ರ, ನಾಳಿದ್ದಿನಿಂದ ತೊಟ್ಟಿಗಳ ಹತ್ತಿರ ಬರಬೇಡಿ, ಮೆಟ್ಟಿಲು ಗುಡಿಸಿ ಎಂದರು. ಹನ್ನೊಂದು ವರ್ಷದಿಂದ ಪ್ರತಿ ಮೀನಿಗೂ ಒಂದೊಂದು ಅಡ್ಡಹೆಸರಿಟ್ಟು ಮಾತಾಡಿಸುವವರು. "ಆಯ್ತು ಸಾರ್" ಅಂದು ಬಟ್ಟೆ ಹಿಂಡಿ ಹೋದರು.

ನಿನ್ನ,
ಕಿರಿಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಇದನ್ನು ನೀನೊಬ್ಬಳೇ ಓದು. ಕಲ್ಲು ಉಜ್ಜಲು ಹೇಳಿದವಳು ನಾನು. ಫಲಕದ ಫೋಟೋ ಚೆನ್ನಾಗಿ ಬರಲೆಂದು. "ಇರ್ಲಿ ಬಿಡಮ್ಮ, ಅದಕ್ಕೆ ಬೇಕಾಗಿದ್ದೋ ಏನೋ" ಎಂದು ಅಕ್ಕ ಎರಡು ಸಲ ಹೇಳಿದರು, ನಾನು ಕೇಳಲಿಲ್ಲ. ಇಂದು ಅವರು ನನ್ನ ಹೆಸರೆತ್ತಲಿಲ್ಲ, ನನ್ನತ್ತ ನೋಡಲೂ ಇಲ್ಲ. ನಾಳೆ ಬೆಳಗಿನ ಸಭೆಯಲ್ಲಿ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ, ಇದನ್ನು ನಾನೇ ಹೇಳುತ್ತೇನೆ.